199ರ ಜುಮ್ಕಿ ಆನ್‌ಲೈನಲ್ಲಿ ಮಾರಿದರೆ ಕೈಗೆ ಎಷ್ಟು ಉಳಿಯುತ್ತೆ?

ಕೇಳಿದವರು, ಕೊಪ್ಪಳ: ಜುಮ್ಕಿ, ಹೇರ್ ಕ್ಲಿಪ್, ಕೀ ಚೈನ್ ಇಂಥ ಸಣ್ಣ ಸಾಮಾನು ಆನ್‌ಲೈನಲ್ಲಿ ಮಾರಬೇಕು ಅಂತಿದ್ದೇನೆ. ಒಂದು ಜೊತೆ ಜುಮ್ಕಿ ನನಗೆ 60 ರೂಪಾಯಿಗೆ ಬೀಳುತ್ತೆ, 199ಕ್ಕೆ ಹಾಕೋಣ ಅಂತ. ಮೇಲ್ನೋಟಕ್ಕೆ 139 ಲಾಭ. ಆದರೆ ಮಾರುವವರನ್ನು ಕೇಳಿದರೆ ಏನೂ ಉಳಿಯಲ್ಲ ಅಂತಾರೆ. ಲೆಕ್ಕ ಹೇಗೆ ಹಾಕೋದು, ಅನುಭವ ಇದ್ದವರು ದಯವಿಟ್ಟು ಹೇಳಿ.

ಬಳ್ಳಾರಿಯಿಂದ: ಅಕ್ಕಾ, ನಾನು ಇಲ್ಲಿನ ಜೀನ್ಸ್ ಯೂನಿಟ್‌ಗಳ ಕಟಿಂಗ್ ವೇಸ್ಟ್ ತಂದು ಪೌಚ್, ಕೀ ಚೈನ್ ಹೊಲಿಸಿ ಮಾರುತ್ತೇನೆ. ಒಂದು ಮಾತು ಮೊದಲೇ ಹೇಳ್ತೀನಿ. ಒಂದು ಪೀಸಿನ ಲೆಕ್ಕ ಹಾಕಬೇಡಿ, ಹತ್ತು ಆರ್ಡರಿನ ಲೆಕ್ಕ ಹಾಕಿ. ಯಾಕೆ ಅಂತ ನಿಮ್ಮ ಜುಮ್ಕಿಯಲ್ಲೇ ತೋರಿಸ್ತೀನಿ.

ಜಿಎಸ್‌ಟಿ ನೋಂದಣಿ ಇದೆ ಅಂತಲೇ ಲೆಕ್ಕ ಹಾಕ್ತೀನಿ, ಆಗ 199ರಲ್ಲಿ ಜಿಎಸ್‌ಟಿ ಸೇರಿದೆ. ಇಮಿಟೇಷನ್ ಜ್ಯುವೆಲರಿಗೆ 3%, ಅಂದರೆ ಸುಮಾರು 6 ರೂಪಾಯಿ ಸರ್ಕಾರದ್ದು. ಉಳಿದ 193 ಮಾತ್ರ ನಿಮ್ಮ ಮಾರಾಟದ ಬೆಲೆ. ಈಗ ಆ್ಯಪಿನವರ ಕಮಿಷನ್ 20, ಪ್ರತಿ ಆರ್ಡರಿಗೆ ಕಡಿಯುವ ಫಿಕ್ಸೆಡ್ ಫೀ 10, ಕೊರಿಯರ್ 50 ಅಂತ ಹಿಡಿಯಿರಿ (ಇದು ಲೆಕ್ಕಕ್ಕೆ ಇಟ್ಟುಕೊಂಡ ಅಂಕಿ ಅಷ್ಟೇ, ನಿಮ್ಮ ಆ್ಯಪಿನ ರೇಟ್ ಕಾರ್ಡ್ ನೋಡಿ ಬದಲಿಸಿಕೊಳ್ಳಿ, ಅದು ಆಗಾಗ ಬದಲಾಗುತ್ತಾ ಇರುತ್ತೆ). ಕವರ್, ಬಬಲ್ ಶೀಟು, ಲೇಬಲ್, ಟೇಪು ಎಲ್ಲ ಸೇರಿ 8. ಮಾಲು 60. ಉಳಿದದ್ದು 45.

60ಕ್ಕೆ 45 ಅಂದರೆ 75% ಲಾಭ ಅನ್ನಿಸುತ್ತೆ ಅಲ್ವಾ? ಅದು ಕೊಂಡ ಬೆಲೆ ಮೇಲಿನ ಲೆಕ್ಕ. ಆನ್‌ಲೈನ್ ಮಾರಾಟದಲ್ಲಿ ಮಾರಿದ ಬೆಲೆ ಮೇಲೇ ಲೆಕ್ಕ ಹಾಕಬೇಕು, ಕಮಿಷನ್ ಕಡಿಯೋದು, ಆಫರ್ ಕೊಡೋದು ಎಲ್ಲಾ ಅದರ ಮೇಲೇ ಆಗೋದರಿಂದ. 193ಕ್ಕೆ 45 ಅಂದರೆ 23%. ಇಷ್ಟು ಇದೆ ಅಂತ ಗೊತ್ತಿದ್ದರೆ ಹಬ್ಬದ ಸೇಲಿನಲ್ಲಿ ಕಣ್ಣು ಮುಚ್ಚಿಕೊಂಡು 20% ಬಿಡಲ್ಲ.

ಈಗ ಹತ್ತು ಆರ್ಡರ್. ಎರಡು ವಾಪಸ್ ಬಂದವು ಅನ್ನಿ. ಎಂಟಕ್ಕೆ 45ರಂತೆ 360 ಬಂತು. ವಾಪಸ್ ಬಂದ ಒಂದೊಂದಕ್ಕೂ ರಿಟರ್ನ್ ಕೊರಿಯರ್ 70, ಹಾಳಾದ ಪ್ಯಾಕಿಂಗ್ 8, ಎರಡಕ್ಕೆ 156 ಹೋಯ್ತು. ಉಳಿದದ್ದು 204. ಎಂಟಕ್ಕೆ ಭಾಗಿಸಿ, ಒಂದು ಜೊತೆಗೆ 25 ರೂಪಾಯಿ ಚಿಲ್ಲರೆ. 23% ಇದ್ದದ್ದು 13%ಕ್ಕೆ ಇಳಿಯಿತು. ವಾಪಸ್ ಬಂದದ್ದರಲ್ಲಿ ಒಂದು ಮುರಿದಿದ್ದರೆ ಇನ್ನೂ 60 ಕಳೆಯಿರಿ, 18 ರೂಪಾಯಿಗೆ ಬಂದು ನಿಲ್ಲುತ್ತೆ.

ಗಿರಾಕಿ ತೆಗೆದುಕೊಂಡು ವಾಪಸ್ ಕಳಿಸೋದು ಬೇರೆ, ಮನೆಗೆ ತಲುಪದೇ ತಿರುಗಿ ಬರೋದು ಬೇರೆ. ಎರಡಕ್ಕೂ ಒಂದೇ ಚಾರ್ಜ್ ಇರಲ್ಲ. ಸೆಟಲ್‌ಮೆಂಟ್ ಶೀಟ್ (ಆ್ಯಪಿನವರು ಏನೇನು ಕಡಿದು ನಿಮಗೆ ಎಷ್ಟು ಕೊಟ್ಟರು ಅನ್ನೋ ಪಟ್ಟಿ) ಇಳಿಸಿಕೊಂಡು ಎರಡನ್ನೂ ಬೇರೆ ಬೇರೆ ಬರೆದಿಡಿ.

ರಾಯಚೂರಿನಿಂದ: ಮೇಲಿನ ಅಣ್ಣ ಹೇಳಿದ್ದು ಸರಿ. ನಾನು ಸೇರಿಸೋದು ಮುರಿಯುವ ಮಾಲಿನ ಬಗ್ಗೆ. ನಮ್ಮ ಕಡೆ ಏಪ್ರಿಲ್, ಮೇ ಬಿಸಿಲು ನಿಮಗೆ ಗೊತ್ತೇ ಇದೆ. ಅಂಟಿಸಿದ ಕಲ್ಲಿನ ಜುಮ್ಕಿಯನ್ನು ತಗಡಿನ ಕೆಳಗೆ ಇಟ್ಟರೆ ಅಂಟು ಸಡಿಲ ಆಗುತ್ತೆ. ಪ್ಯಾಕ್ ಮಾಡುವಾಗ ಚೆನ್ನಾಗೇ ಕಾಣುತ್ತೆ, ಗಿರಾಕಿ ಕವರ್ ಬಿಚ್ಚಿದಾಗ ಎರಡು ಕಲ್ಲು ಮೂಲೆಯಲ್ಲಿ ಬಿದ್ದಿರುತ್ತವೆ. ಪ್ಯಾಕ್ ಮಾಡುವ ಮೊದಲು ಒಂದೊಂದು ಕಲ್ಲನ್ನೂ ಉಗುರಿನಿಂದ ಒತ್ತಿ ನೋಡಿ. ತಂತಿಯಿಂದ ಕಟ್ಟಿದ ಮಾಲು ಆರೇಳು ರೂಪಾಯಿ ಜಾಸ್ತಿ ಆದರೂ ಅದನ್ನೇ ತನ್ನಿ, ಒಂದು ರಿಟರ್ನ್ ತಪ್ಪಿದರೆ ಹತ್ತು ಜೊತೆಯ ಆ ಜಾಸ್ತಿ ದುಡ್ಡು ವಸೂಲಿ.

ಇನ್ನೊಂದು, 60ಕ್ಕೆ ಬೀಳುತ್ತೆ ಅಂದಿರಲ್ಲ, ಅದರಲ್ಲಿ ಟ್ರಾನ್ಸ್‌ಪೋರ್ಟ್ ಬಾಡಿಗೆ, ಹಮಾಲಿ ಸೇರಿದೆಯಾ?

ಕೇಳಿದವರು, ಕೊಪ್ಪಳ: ಇಲ್ಲ ರೀ, ಅದು ಬರೀ ಬಿಲ್ಲಿನ ರೇಟು. ಸೇರಿಸ್ತೀನಿ. ನನಗೆ ಜಿಎಸ್‌ಟಿ ನಂಬರ್ ಇನ್ನೂ ಇಲ್ಲ. ತೆಗೆದುಕೊಳ್ಳಲೇಬೇಕಾ?

ಗಂಗಾವತಿಯಿಂದ: ಕರ್ನಾಟಕದ ಒಳಗೆ ಮಾತ್ರ ಮಾರೋದಾದರೆ, ವರ್ಷದ ವಹಿವಾಟು 40 ಲಕ್ಷದೊಳಗಿದ್ದರೆ ಬೇಡ. 2023ರ ಅಕ್ಟೋಬರ್ 1ರಿಂದ ಜಿಎಸ್‌ಟಿ ಪೋರ್ಟಲ್‌ನಲ್ಲಿ ಎನ್‌ರೋಲ್‌ಮೆಂಟ್ ನಂಬರ್ ತೆಗೆದುಕೊಂಡು ಮಾರಬಹುದು. ಬೇರೆ ರಾಜ್ಯಕ್ಕೆ ಕಳಿಸಬೇಕು ಅಂದರೆ ನೋಂದಣಿ ಬೇಕೇ ಬೇಕು. ಆದರೆ ನೋಂದಣಿ ಇಲ್ಲದಿದ್ದರೆ ಕಮಿಷನ್, ಫಿಕ್ಸೆಡ್ ಫೀ, ಕೊರಿಯರ್ ಸೇರಿದ ಆ 80 ರೂಪಾಯಿ ಚಾರ್ಜಿನ ಮೇಲೆ ಹಾಕುವ 18% ಜಿಎಸ್‌ಟಿ, ಅಂದರೆ 14 ರೂಪಾಯಿ ಚಿಲ್ಲರೆ, ನಿಮಗೆ ವಾಪಸ್ ಸಿಗಲ್ಲ. ನೋಂದಣಿ ಇದ್ದವರು ಅದನ್ನು ಇನ್‌ಪುಟ್ ಕ್ರೆಡಿಟ್ ತೆಗೆದುಕೊಳ್ಳುತ್ತಾರೆ, ಅಂದರೆ ತಾವು ಕಟ್ಟಬೇಕಾದ ಜಿಎಸ್‌ಟಿಯಲ್ಲಿ ಕಳೆದುಕೊಳ್ಳುತ್ತಾರೆ, ಅದಕ್ಕೇ ಬಳ್ಳಾರಿಯವರು ಅದನ್ನು ಖರ್ಚಿಗೆ ಬರೆದಿಲ್ಲ. ನೋಂದಣಿ ಆದಮೇಲೆ ಶೀಟಿನಲ್ಲಿ ಟಿಸಿಎಸ್ 0.5%, ಟಿಡಿಎಸ್ 0.1% ಅಂತ (ಆ್ಯಪಿನವರು ಮೊದಲೇ ಹಿಡಿದು ಸರ್ಕಾರಕ್ಕೆ ಕಟ್ಟುವ ತೆರಿಗೆ) ಕಡಿದಿರೋದು ಕಾಣುತ್ತೆ. ಅದೂ ಖರ್ಚಲ್ಲ, ಮೊದಲನೆಯದು ಜಿಎಸ್‌ಟಿ ಖಾತೆಗೆ ಬರುತ್ತೆ, ಎರಡನೆಯದು ಆದಾಯ ತೆರಿಗೆ ರಿಟರ್ನ್‌ನಲ್ಲಿ ಹೊಂದಿಸಿಕೊಳ್ಳಬಹುದು.

ಬಳ್ಳಾರಿಯಿಂದ: ಅಕ್ಕಾ, ಒಂದೊಂದೇ ಜೊತೆ ಮಾರೋದಕ್ಕಿಂತ ಮೂರು ಜೊತೆಯ ಸೆಟ್ ಮಾಡಿ. ಕೊರಿಯರ್ ರೇಟು ಹೆಚ್ಚಾಗಿ 500 ಗ್ರಾಂ ಲೆಕ್ಕದಲ್ಲಿ ಶುರುವಾಗುತ್ತೆ, ಒಂದು ಜೊತೆಗೂ ಮೂರಕ್ಕೂ ಅದೇ 50. ಸೆಟ್ 449ಕ್ಕೆ ಇಟ್ಟರೆ ಜಿಎಸ್‌ಟಿ ಹೋಗಿ 436. ಮಾಲು 180, ಪ್ಯಾಕಿಂಗ್ 10, ಕಮಿಷನ್ 45, ಫಿಕ್ಸೆಡ್ ಫೀ 10, ಕೊರಿಯರ್ 50 ಕಳೆದರೆ 141. ಹತ್ತರಲ್ಲಿ ಎರಡು ವಾಪಸ್ ಬಂದರೂ ಒಂದು ಸೆಟ್‌ಗೆ 121 ಉಳಿಯುತ್ತೆ, 27%ಕ್ಕಿಂತ ಮೇಲೆ. ಗಿರಾಕಿಗೂ 597ರ ಮಾಲು 449ಕ್ಕೆ ಸಿಗುತ್ತೆ.

ಡಬ್ಬಿ ಮಾತ್ರ ಚಿಕ್ಕದಿರಲಿ. ಉದ್ದ, ಅಗಲ, ಎತ್ತರ ಸೆಂಟಿಮೀಟರಿನಲ್ಲಿ ಗುಣಿಸಿ 5000ದಿಂದ ಭಾಗಿಸಿ ಬಂದದ್ದನ್ನು ಕೆಜಿ ತೂಕ ಅಂತ ಹಿಡಿಯೋದು ಸಾಮಾನ್ಯ. 20, 15, 10ರ ಡಬ್ಬಿ ಅಂದರೆ ಒಳಗೆ ಹತ್ತಿ ಇದ್ದರೂ 600 ಗ್ರಾಂ, ಮುಂದಿನ ಸ್ಲ್ಯಾಬಿಗೆ ಹೋಯ್ತು. ಎತ್ತರ 5 ಮಾಡಿಸಿ, 300 ಗ್ರಾಂ. ಮೂರು ಜೊತೆ ಜುಮ್ಕಿಗೆ ಅಷ್ಟು ಸಾಕು.