ನಂಬಿಕೆ ಇಲ್ಲದಿದ್ದರೂ ಕೈ ಕಣ್ಣಿಗೆ ಹೋಗುವುದೇಕೆ?

ಹೊಂಗೆಮರ (ಪ್ರಶ್ನೆ):
ಪೂಜೆ, ವ್ರತಗಳನ್ನು ಬಿಟ್ಟು ಬಹಳ ವರ್ಷಗಳಾದವು. ದೇವರಿದ್ದಾನೆಂಬ ನಂಬಿಕೆಯೂ ನನಗಿಲ್ಲ. ಆದರೂ ಪುಸ್ತಕಕ್ಕೆ ಕಾಲು ತಗುಲಿದರೆ, ಯೋಚನೆ ಮೂಡುವ ಮುನ್ನವೇ ಅದನ್ನು ಮುಟ್ಟಿ ಕಣ್ಣಿಗೊತ್ತಿಕೊಂಡಿರುತ್ತೇನೆ. 'ಒಳಗೊಳಗೆ ನಿನಗೂ ಭಕ್ತಿ ಇದ್ದೇ ಇದೆ' ಎಂದು ಮನೆಯವರು ಗೆದ್ದವರಂತೆ ನಗುತ್ತಾರೆ. ಮನಶ್ಶಾಸ್ತ್ರ ಇದನ್ನು ಹೇಗೆ ನೋಡುತ್ತದೆ?

ಸಂಜೆಮಲ್ಲಿಗೆ:
ನೀವು ಹೇಳುತ್ತಿರುವುದು ಬಹುಮಟ್ಟಿಗೆ ಅಭ್ಯಾಸ. ಅಕ್ಷರ ಕಲಿಯುವ ಮೊದಲೇ 'ಸರಸ್ವತಿ, ತುಳಿಯಬಾರದು' ಎಂದು ಹಿರಿಯರು ತಿದ್ದಿ ತಿದ್ದಿ ಮೈಗೂಡಿಸಿದ್ದು. ಇದಕ್ಕಿಂತ ಕುತೂಹಲಕರವಾದದ್ದು ಆಸ್ತಿಕರ ಮನಸ್ಸಿನಲ್ಲೇ ನಡೆಯುತ್ತದೆ. 1996ರಲ್ಲಿ ಜಸ್ಟಿನ್ ಬ್ಯಾರೆಟ್ ಮತ್ತು ಫ್ರಾಂಕ್ ಕೈಲ್ ಪ್ರಕಟಿಸಿದ ಅಧ್ಯಯನದಲ್ಲಿ ಒಂದು ಕಥೆ ಬರುತ್ತದೆ: ರಭಸದ ನದಿಯಲ್ಲಿ ಬಂಡೆಗಳ ನಡುವೆ ಕಾಲು ಸಿಕ್ಕಿಕೊಂಡ ಹುಡುಗ ಪ್ರಾರ್ಥಿಸುತ್ತಾನೆ, ಜಗತ್ತಿನ ಇನ್ನೊಂದು ಕಡೆ ಮತ್ತೊಬ್ಬರ ಮೊರೆಗೆ ಓಗೊಡುತ್ತಿದ್ದ ದೇವರು ಬಂಡೆಯನ್ನು ಸರಿಸಿ ಅವನನ್ನೂ ಉಳಿಸುತ್ತಾನೆ. ದೇವರು ಏಕಕಾಲಕ್ಕೆ ಎಷ್ಟು ಕೆಲಸಗಳನ್ನಾದರೂ ಮಾಡಬಲ್ಲನೆಂದು ಪ್ರಶ್ನಾವಳಿಯಲ್ಲಿ ಒಪ್ಪುವವರೇ, ಕಥೆಯನ್ನು ನೆನಪಿನಿಂದ ಹೇಳುವಾಗ, ಆತ ಮೊದಲನೆಯ ಮೊರೆಯನ್ನು ಮುಗಿಸಿಕೊಂಡು ಆಮೇಲೆ ಹುಡುಗನತ್ತ ಬಂದಂತೆ ಚಿತ್ರಿಸುವ ಪ್ರವೃತ್ತಿ ಕಂಡುಬಂತು. ಉತ್ತರ ಭಾರತದ ಹಿಂದೂಗಳ ಕುರಿತು ಬ್ಯಾರೆಟ್ 1998ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲೂ ಇದೇ ಒಲವು ಕಾಣುತ್ತದೆ. ಕೇಳಿದಾಗ ಕೊಡುವ ಉತ್ತರ ಶಾಸ್ತ್ರದ್ದು. ಅವಸರದಲ್ಲಿ ಮನಸ್ಸು ಬಳಸುವುದು ಮನುಷ್ಯರನ್ನು ಅರ್ಥಮಾಡಿಕೊಳ್ಳಲು ಅದು ರೂಢಿಸಿಕೊಂಡ ಲೆಕ್ಕಾಚಾರವನ್ನೇ.

ಕಡಲಂಚು:
ಇಷ್ಟನ್ನು ಓದಿ 'ನಾಸ್ತಿಕರೂ ಆಳದಲ್ಲಿ ಆಸ್ತಿಕರೇ' ಎಂಬ ತೀರ್ಮಾನಕ್ಕೆ ಹಾರುವವರಿದ್ದಾರೆ. ತಮ್ಮವರಿಗೆ ಕೇಡು ಮಾಡುವಂತೆ ದೇವರಿಗೆ ಸವಾಲೆಸೆಯುವ ವಾಕ್ಯಗಳನ್ನು ಗಟ್ಟಿಯಾಗಿ ಓದಿದಾಗ ನಾಸ್ತಿಕರ ಚರ್ಮದ ವಿದ್ಯುದ್ವಾಹಕತೆಯೂ (ಬೆವರಿದಷ್ಟೂ ಚರ್ಮದಲ್ಲಿ ವಿದ್ಯುತ್ ಸುಲಭವಾಗಿ ಹರಿಯುತ್ತದೆ) ಏರಿತೆಂದು ಫಿನ್ಲೆಂಡಿನ ಸಂಶೋಧಕರು 2014ರಲ್ಲಿ ವರದಿ ಮಾಡಿದ್ದು ನಿಜ. ಭಾಗವಹಿಸಿದವರು ಬಹಳ ಕಡಿಮೆ ಎನ್ನುವುದು ಒಂದು ಮಾತು. ಬೆವರು ತಳಮಳವನ್ನು ತೋರಿಸುತ್ತದೆಯೇ ಹೊರತು ನಂಬಿಕೆಯನ್ನಲ್ಲ ಎನ್ನುವುದು ಅದಕ್ಕಿಂತ ಮುಖ್ಯ. ಪಾಲ್ ರೋಜಿನ್ ಮತ್ತು ಸಂಗಡಿಗರ 1986ರ ಪ್ರಯೋಗದಲ್ಲಿ ಜನರು ಸಕ್ಕರೆಯ ಶೀಶೆಗೆ 'ಸೋಡಿಯಂ ಸಯನೈಡ್' ಎಂಬ ಚೀಟಿಯನ್ನು ತಮ್ಮ ಕೈಯಾರೆ ಅಂಟಿಸಿದ ಮೇಲೂ ಆ ಸಕ್ಕರೆಯನ್ನು ತಿನ್ನಲು ಹಿಂಜರಿದರು. ಅದರಲ್ಲಿ ವಿಷವಿದೆ ಎಂದು ಅವರು ನಂಬಿದ್ದರೆಂದು ಯಾರಾದರೂ ಹೇಳುತ್ತಾರೆಯೇ?

ಹೊಂಗೆಮರ:
ಮನೆಯವರಿಗೆ ಸಕ್ಕರೆಯ ಪ್ರಯೋಗವನ್ನೇ ಹೇಳುತ್ತೇನೆ. ಒಂದು ಸಂದೇಹ: ಕಥೆ ಎಂದರೇ ಒಂದಾದ ಮೇಲೊಂದು ನಡೆಯುವ ಘಟನೆಗಳು, ಹಾಗಿರುವಾಗ ನದಿಯ ಪ್ರಯೋಗದಲ್ಲಿ ದೇವರನ್ನು ಸರದಿಯಲ್ಲಿ ನಿಲ್ಲಿಸಿದ್ದು ಮನಸ್ಸೋ, ಕಥನದ ರೀತಿಯೋ?

ಸಂಜೆಮಲ್ಲಿಗೆ:
ಆಕ್ಷೇಪ ಸರಿಯಾದದ್ದೇ. ನೆನಪಿನ ಪರೀಕ್ಷೆಯೊಂದನ್ನೇ ನೆಚ್ಚಿ ಇವೆರಡನ್ನು ಪೂರ್ತಿ ಬೇರ್ಪಡಿಸುವುದು ಕಷ್ಟವೆಂದೇ ನನಗೂ ಅನಿಸುತ್ತದೆ.