ಚಿಕ್ಕಪ್ಪನ ಕಂಪ್ಯೂಟರ್ ತಾನಾಗೇ ಆಫ್ ಆಗ್ತಿರೋದಕ್ಕೆ

ಚಿಕ್ಕಪ್ಪ, ನಿಮ್ಮ ಮೆಸೇಜು ಈಗ ನೋಡ್ದೆ. ಆನ್ ಮಾಡಿ 20 ನಿಮಿಷಕ್ಕೆ ತಾನಾಗೇ ಆಫ್ ಆಗ್ತದೆ, ಅಂಗಡಿಯವನು ಮದರ್‌ಬೋರ್ಡ್ ಹೋಗಿದೆ ಅಂದ ಅಂತ ಹಾಕಿದ್ರಲ್ಲ, ಅವನಿಗೆ ಈಗಲೇ ದುಡ್ಡು ಕೊಡ್ಬೇಡಿ. ನನಗೇನೋ ಅದು ಬಿಸಿಯಾಗ್ತಿದೆ ಅನ್ನಿಸ್ತದೆ.

ಈ ಚಳೀಲಿ ಎಂಥ ಬಿಸಿ ಅಂತ ಚಿಕ್ಕಮ್ಮ ಕೇಳಿದ್ರು. ರೂಮು ತಣ್ಣಗಿದ್ರೆ ಸಾಕಾ ಚಿಕ್ಕಮ್ಮ, ಆ ಗಾಳಿ ಡಬ್ಬದೊಳಗೆ ಹೋಗಿ ಹಿಂದ್ಗಡೆಯಿಂದ ಆಚೆ ಬರ್ಬೇಕಲ್ಲ. ಪ್ರೊಸೆಸರ್ ಅಂದ್ರೆ ಕೆಲಸವೆಲ್ಲ ಮಾಡೋ ಮುಖ್ಯ ಚಿಪ್ಪು, ಅದು 100 ಡಿಗ್ರಿ ಹತ್ತಿರ ಹೋದ್ರೆ ಮೊದ್ಲು ನಿಧಾನ ಆಗ್ತದೆ, ಆಗ್ಲೂ ಇಳೀದಿದ್ರೆ ಸುಟ್ಟು ಹೋಗ್ಬಾರ್ದು ಅಂತ ಆಫ್ ಆಗಿಬಿಡ್ತದೆ. ಮಳೆಗಾಲದ ಥಂಡಿಗೆ ಅಂತ ನೀವು ಹೊಲಿಸಿದ ಪ್ಲಾಸ್ಟಿಕ್ ಕವರ್ ಇದ್ಯಲ್ಲ, ಮುಂದ್ಗಡೆ ಮಾತ್ರ ಎತ್ತಿ ಆನ್ ಮಾಡ್ತೀರಿ, ನಾನೇ ನೋಡಿದೀನಿ. ಪೂರ್ತಿ ತೆಗೀರಿ. ಗೋಡೆಯಿಂದ ಒಂದು ಗೇಣು ಮುಂದೆ ಎಳೀರಿ.

ಹೋದ ವರ್ಷ ಕುಯ್ಲಿನ ಟೈಮಲ್ಲಿ ನಮ್ಮನೇಲೂ ಇದೇ ಕಥೆ. ಕಿಟಕಿ ಪಕ್ಕ ಕಂಪ್ಯೂಟರು, ಕಿಟಕಿ ಆಚೆ ಕಾಫಿ ಒಣಗೋ ಕಣ. ಫ್ಯಾನ್ ಚೆನ್ನಾಗೇ ತಿರುಗ್ತಿತ್ತು, ಅದಕ್ಕೇ ಮೋಸ ಹೋದೆ. ಪ್ರೊಸೆಸರ್ ಮೇಲಿನ ಫ್ಯಾನ್ ಬಿಚ್ಚಿದ್ರೆ, ಕೆಳಗೆ ಬಿಸಿ ಎಳ್ಕೊಳ್ಳೋ ಅಲ್ಯೂಮಿನಿಯಂ ಹಲ್ಲುಗಳ ಮೇಲೆ ಧೂಳು ಕಂಬಳಿ ಹಾಸಿದ ಹಾಗೆ ಕೂತಿದೆ! ಉಗುರಲ್ಲಿ ಎಬ್ಬಿಸಿದ್ರೆ ಕಾವಲಿಯಿಂದ ರೊಟ್ಟಿ ಎದ್ದ ಹಾಗೆ ಒಂದೇ ತುಂಡಾಗಿ ಬಂತು. ಗಾಳಿ ಎಲ್ಲಿಂದ ಹೋಗ್ಬೇಕು ಹೇಳಿ.

ಇವತ್ತು ಒಂದು ಪರೀಕ್ಷೆ ಮಾಡಿ. ಪ್ಲಗ್ ಕಿತ್ತು, ಪಕ್ಕದ ತಗಡು ತೆಗೆದು, ಟೇಬಲ್ ಫ್ಯಾನ್ ಎದುರಿಗಿಟ್ಟು, ಪ್ಲಗ್ ಹಾಕಿ ಎರಡೂ ಆನ್ ಮಾಡಿ, ಒಳಗೆ ಕೈ ಹಾಕ್ಬೇಡಿ. ಒಂದು ಗಂಟೆ ಆಫ್ ಆಗ್ಲಿಲ್ಲ ಅಂದ್ರೆ ಬಿಸೀನೇ. ಆದ್ರೂ ಆಫ್ ಆದ್ರೆ ಎಸ್‌ಎಂಪಿಎಸ್, ಅಂದ್ರೆ ಒಳಗೆ ಕರೆಂಟ್ ಕೊಡೋ ಡಬ್ಬಿ, ನೋಡ್ಬೇಕು, ಮದರ್‌ಬೋರ್ಡ್ ಮಾತು ಆಮೇಲೆ. ದಿನಾ ಹಾಗೇ ತೆರೆದಿಡ್ಬೇಡಿ ಮತ್ತೆ, ಕಣದ ಧೂಳೆಲ್ಲ ಒಳಗೇ ಸೇರ್ತದೆ.

ಧೂಳು ತೆಗೆಯೋಕೆ ಮತ್ತೆ ಪ್ಲಗ್ ಕಿತ್ತು, ಡಬ್ಬ ಜಗಲಿಗೆ ತಗೊಂಡು ಹೋಗಿ ಪೇಂಟ್ ಬ್ರಷ್‌ನಲ್ಲಿ ಕೊಡವಿ. ತಮ್ಮ ಏನಾದ್ರೂ ಬ್ಲೋವರ್ ಹಿಡಿದ್ರೆ, ಅವನಿಗೆ ಫ್ಯಾನ್ ರೆಕ್ಕೆಯನ್ನ ಒಂದು ಬೆರಳಲ್ಲಿ ಒತ್ತಿ ಹಿಡ್ಕೊಳ್ಳೋಕೆ ಹೇಳಿ, ಗಾಳಿಗೆ ಸಿಕ್ಕಾಪಟ್ಟೆ ತಿರುಗಿದ್ರೆ ಫ್ಯಾನೇ ಹಾಳಾಗ್ತದೆ. ಅಲ್ಯೂಮಿನಿಯಂ ತುಂಡು ಮಾತ್ರ ಎಬ್ಬಿಸ್ಬೇಡಿ. ಎಬ್ಬಿಸಿದ್ರೆ, ಪ್ರೊಸೆಸರ್ ಬಿಸೀನ ಅದಕ್ಕೆ ದಾಟಿಸೋ ಅಡಿಯ ಹಳೇ ಪೇಸ್ಟ್ ಒರೆಸಿ ಹೊಸದು ಹಾಕ್ಲೇಬೇಕು. ಹೆಸರುಕಾಳಿನಷ್ಟು ಸಾಕು, ನಾನು ಮೊದಲ ಸಲ ಚಟ್ನಿ ಹಾಗೆ ಬಳಿದಿದ್ದೆ.

ಆ ಪೇಸ್ಟ್ ಟ್ಯೂಬಲ್ಲಿ ಇನ್ನೂ ಅರ್ಧ ಇದೆ. ಭಾನುವಾರ ಸುಂಟಿಕೊಪ್ಪಕ್ಕೆ ಬರುವಾಗ ತರ್ತೀನಿ.