ಗೀರು, ತರಚು, ಗೀಚು: ಕಾರಿನ ಪೇಂಟಿಗೆ ಯಾವುದು ಸರಿ?

ನಮಸ್ಕಾರ ಎಲ್ರಿಗೂ. ಉಡುಪಿಯ ನಮ್ಮ ಫ್ಲ್ಯಾಟಿನಲ್ಲಿ ಕಾರ್ ತೊಳೆಯುವ ಹುಡುಗರಿಗೆ ಅಂತ ಒಂದು ಪುಟದ ಸೂಚನೆ ಕನ್ನಡದಲ್ಲಿ ಬರೀತಾ ಇದ್ದೇನೆ. ಇಲ್ಲಿ ಗಾಡಿ ಮೇಲೆ ಯಾವಾಗ್ಲೂ ಕೆಂಪು ಧೂಳು, ಬೀಚಿಗೆ ಹೋಗಿ ಬಂದ್ರೆ ಹೊಯ್ಗೆ ಬೇರೆ, ಅದರ ಮೇಲೇ ಒಣ ಬಟ್ಟೆ ಎಳೆದ್ರೆ ಪೇಂಟಿನ ಕತೆ ಮುಗೀತು. ಆದ್ರೆ ಬರೀಲಿಕ್ಕೆ ಕೂತ್ರೆ ಶಬ್ದವೇ ಸಿಗ್ತಾ ಇಲ್ಲ ಮಾರಾಯ್ರೆ.

ಮೊದಲ್ನೇದು, ಸ್ವರ್ಲ್ ಮಾರ್ಕ್. ಕಪ್ಪು ಕಾರನ್ನು ಬಿಸಿಲಿಗೆ ನಿಲ್ಲಿಸಿದ್ರೆ ಸೂರ್ಯನ ಪ್ರತಿಬಿಂಬದ ಸುತ್ತ ಜೇಡರ ಬಲೆ ಹಾಗೆ ಸಣ್ಣ ಗೆರೆಗಳು ಕಾಣ್ತವಲ್ಲ, ಅದು. ಗೀರು ಅಂದ್ರೆ ನಂಗೆ ಕೀಲಿ ತಾಗಿ ಆದ ಒಂದೇ ಉದ್ದ ಗೆರೆ. ತರಚುವುದು ಮೊಣಕಾಲು. ಗೀಚುವುದು ಮಕ್ಕಳು, ಅದೂ ಬೇಕು ಅಂತಲೇ. ಒಬ್ರು 'ಸುತ್ತುಗೀರು' ಅಂದ್ರು, ಕೇಳ್ಲಿಕ್ಕೆ ಚಂದ ಉಂಟು, ಆದ್ರೆ ಆ ಗೆರೆಗಳು ಹೆಚ್ಚಾಗಿ ಸುತ್ತಲೂ ಇರುವುದಲ್ಲ, ಮೇಲಿನ ಪಾರದರ್ಶಕ ಕ್ಲಿಯರ್ ಕೋಟಲ್ಲಿ ಎಲ್ಲಾ ದಿಕ್ಕಿಗೂ ಇರ್ತವೆ, ಬೆಳಕಿಗೆ ಅಡ್ಡ ಬಂದದ್ದು ಮಾತ್ರ ಹೊಳೆಯೋದ್ರಿಂದ ದುಂಡಗೆ ಕಾಣುವುದಷ್ಟೆ. ಹಾಗಾಗಿ 'ಎಳೆಗೀರು' ಅಂತ ಬರೆದಿದ್ದೇನೆ, ನಡೀತದಾ?

ಎರಡ್ನೇದು ಉಜ್ಜು. ಉಜ್ಜಿ ಅಂತ ಬರೆದ್ರೆ ನಮ್ಮವರು ಬಲ ಹಾಕಿಯೇ ಹಾಕ್ತಾರೆ. ಇಲ್ಲಿ ಬೇಕಾದ್ದು ಮೊದ್ಲು ನೀರು ಬಿಟ್ಟು ಮಣ್ಣು ಇಳಿಸಿ, ಆಮೇಲೆ ಮೈಕ್ರೋಫೈಬರ್ ಗ್ಲೌಸನ್ನು ಶಾಂಪೂ ಬಕೆಟಿಗೆ ಅದ್ದಿ ಮೇಲಿಂದ ಕೆಳಗೆ ನೇರ ಎಳೆಯುವುದು, ಪ್ರತಿ ಸಲ ಇನ್ನೊಂದು ಬಕೆಟಿನ ಬರೀ ನೀರಲ್ಲಿ ಹೊಯ್ಗೆ ಬಿಡಿಸಿಯೇ ಮತ್ತೆ ಶಾಂಪೂಗೆ ಹೋಗುವುದು. ಈ ಬಿಡಿಸುವುದಕ್ಕೆ 'ಜಾಲಿಸು' ಅನ್ಬಹುದಾ, 'ಅಲಬು' ಅನ್ಬೇಕಾ? ಒಣಗಿಸುವಾಗಲೂ ಅದೇ ಸಮಸ್ಯೆ: 'ಒರೆಸಿ' ಅಂದ್ರೆ ಹಳೇ ಬೈರಾಸು ತಕೊಂಡು ಗರಗರ ತಿರುಗಿಸ್ತಾರೆ, ಸದ್ಯಕ್ಕೆ 'ದಪ್ಪ ಮೈಕ್ರೋಫೈಬರ್ ಬಟ್ಟೆ ಹಾಸಿ, ಒತ್ತಿ, ನೀರು ಹೀರಿಸಿ' ಅಂತ ಇಟ್ಟಿದ್ದೇನೆ. ಪಾತ್ರೆ ತೊಳೆಯುವ ಸೋಪು ಬೇಡ ಅಂತಲೂ ಸೇರಿಸಿದೆ, ಅದು ಹಚ್ಚಿದ ವ್ಯಾಕ್ಸನ್ನೂ ತೆಗೀತದೆ.

ದೊಡ್ಡ ಗೊಂದಲ ಪಾಲಿಶ್‌ದು. ನಮ್ಮಲ್ಲಿ ಗಾಡಿ ಹೊಳೆಯುವಂತೆ ಮಾಡುವುದೆಲ್ಲ ಪಾಲಿಶೇ. ನಿಜಕ್ಕೆ ಪಾಲಿಶ್ ಕ್ಲಿಯರ್ ಕೋಟನ್ನು ಸ್ವಲ್ಪ ಸವೆಸ್ತದೆ, ಎಳೆಗೀರು ಹೋಗುವುದೂ ಅದಕ್ಕೇ, ತಿಂಗಳು ತಿಂಗಳು ಮಾಡುವ ಕೆಲಸ ಅಲ್ಲ. ವ್ಯಾಕ್ಸ್ ಏನನ್ನೂ ಸವೆಸುವುದಿಲ್ಲ, ಮೇಲೆ ತೆಳ್ಳಗೆ ಕೂರ್ತದೆ. ಅದಕ್ಕೆ 'ಮೇಣ' ಅನ್ನುವುದು ಸರಿಯೇ, ಕಾರ್ನೌಬಾ ಅಂತೂ ಬ್ರೆಜಿಲಿನ ಒಂದು ಜಾತಿ ತಾಳೆಯ ಎಲೆಯಿಂದ ಬರುವ ಮೇಣವೇ, ಆದ್ರೆ ಸಿಂಥೆಟಿಕ್ ಸೀಲಂಟಿಗೂ (ವ್ಯಾಕ್ಸಿನ ಬದಲು ಹಚ್ಚುವ ಕೃತಕ ಲೇಪ) ಮೇಣ ಅಂದ್ರೆ ತಪ್ಪಾಗ್ತದಲ್ಲ? ಕ್ರಿಯಾಪದಕ್ಕೆ 'ಬಳಿ' ಬೇಡ, ಗೋಡೆಗೆ ಸುಣ್ಣದಷ್ಟು ಮೆತ್ತಿಯಾರು. ನೆರಳಲ್ಲಿ ನಿಲ್ಲಿಸಿ ತೆಳ್ಳಗೆ 'ಸವರಿ' ಅಂತ ಹಾಕಿದ್ದೇನೆ. ಸವರಿದ್ದು ಒಣಗಿ ಮಸುಕು ಬಿಳಿಯಾಗ್ತದಲ್ಲ, ಆಮೇಲೆ ಒರೆಸಿ ತೆಗೀಬೇಕು, ಆ ಮಸುಕಿಗೆ ಕುಂದಾಪ್ರದವರ ಹತ್ರ ಎಂತಾದ್ರೂ ಶಬ್ದ ಉಂಟಾ?